ಧರ್ಣಪ್ಪ ಬಿಟ್ಟ ಮೂಲೆ

ನಮ್ಮ ಅಕ್ಕಿ ಮಿಲ್ಲಿನಲ್ಲಿ ಹದಿನಾರು ವರ್ಷ ದುಡಿದ ಧರ್ಣಪ್ಪನ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಅದಕ್ಕೂ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಯಾರನ್ನೂ ಬೇಗ ನಂಬುವವನಲ್ಲ. ಹಾಲಿನವಳು ನಕ್ಕರೆ ಇವತ್ತು ನೀರು ಎಷ್ಟು ಬೆರೆಸಿದ್ದಾಳೋ ಎಂದು ಯೋಚಿಸುವ ಜಾಯಮಾನ ನನ್ನದು. ಅಜಿತಕುಮಾರನಿಗೆ ಕಂಡದ್ದೆಲ್ಲದರ ಮೇಲೂ ಗುಮಾನಿ ಎಂದು ಮೂಡುಬಿದಿರೆಯಲ್ಲಿ ಬೆನ್ನ ಹಿಂದೆ ಆಡಿಕೊಳ್ಳುವುದು ನನಗೆ ಗೊತ್ತುಂಟು. ಯಾರು ಯಾರು ಆಡಿಕೊಳ್ಳುತ್ತಾರೆ ಎಂಬುದೂ ಗೊತ್ತುಂಟು.

ಮಿಲ್ಲು ನನ್ನ ಸೋದರಮಾವನದ್ದು. ಅಳಿಯನಿಗೆ ಆಸ್ತಿ ಬರುವ ಕಟ್ಟು ನಮ್ಮದಾದ್ದರಿಂದ ಮುಂದೆ ನನ್ನದಾಗಬೇಕಾದದ್ದು. ಹಾಗಾಗಿ ಆಳುಗಳಿಗೆ ಮಾವ ದೊಡ್ಡ ಧಣಿ, ನಾನು ಸಣ್ಣ ಧಣಿ. ಮಿಲ್ಲಿನ ಎದುರು ವಿಶಾಲವಾದ ಅಂಗಳ. ಬೇಯಿಸಿದ ಭತ್ತವನ್ನು ಬೆಳಿಗ್ಗೆ ಅಲ್ಲಿ ಹರವುವುದು, ಮಧ್ಯಾಹ್ನ ಕಳೆದ ಮೇಲೆ ಬಾಚಿ ಒಳಗೆ ಹಾಕುವುದು. ಆಮೇಲೆ ಅದೇ ಅಂಗಳ ನಮ್ಮ ಬಾಸ್ಕೆಟ್‌ಬಾಲ್ ಕೋರ್ಟು. ಎರಡು ತುದಿಗೆ ಎರಡು ಮರದ ಕಂಬ, ಹಲಸಿನ ಹಲಗೆಯ ಬೋರ್ಡು, ಕಮ್ಮಾರ ಬಡಿದು ಕೊಟ್ಟ ರಿಂಗು, ಸುಣ್ಣದ ಗೆರೆ. ಊರ ಶಾಲೆಯ ಡ್ರಿಲ್ ಮಾಸ್ಟ್ರು ಭರತರಾಜರು ಮದರಾಸಿನಲ್ಲಿ ತರಬೇತಿ ಮುಗಿಸಿ ಬಂದವರು. ಆಟ ಕಲಿಸಿದ್ದು ಅವರೇ. ನಾನು ಕ್ಯಾಪ್ಟನ್. ಅಂಗಳ ನಮ್ಮದು, ಚೆಂಡು ನಮ್ಮದು. ಕ್ಯಾಪ್ಟನ್ ಬೇರೆ ಯಾರು ಆಗಬೇಕಿತ್ತು? ಇಡೀ ತಂಡದಲ್ಲಿ ಕ್ಯಾನ್ವಾಸ್ ಶೂ ಇದ್ದದ್ದೂ ನನಗೊಬ್ಬನಿಗೆ, ಮಂಗಳೂರಿನಿಂದ ತರಿಸಿದ್ದು.

ಧರ್ಣಪ್ಪನ ಕೆಲಸ ಆ ಅಂಗಳದಲ್ಲೇ. ಹರವಿದ ಭತ್ತದ ಮೇಲೆ ಕಾಲೆಳೆಯುತ್ತ ಸಾಲು ಸಾಲಾಗಿ ನಡೆದು ಅಡಿಯ ಭತ್ತವನ್ನು ಮೇಲೆ ಮಾಡುವುದು. ದಿನಕ್ಕೆ ಹತ್ತಾರು ಸಲ, ಸುಡುವ ಬಿಸಿಲಲ್ಲಿ. ಹಾಗೆ ನಡೆದು ನಡೆದು ಅವನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ಬೇರೆಯಾಗಿ ಹೊರಗೆ ಚಾಚಿತ್ತು. ಅಂಗಳವನ್ನು ಆರು ಪಾಲು ಮಾಡಿ ಆರು ಮಂದಿಗೆ ಕೊಟ್ಟಿದ್ದೆವು. ಬೇಸಿಗೆಯಲ್ಲಿ ಒಮ್ಮೆಲೇ ಮೋಡ ಕಟ್ಟಿದರೆ ಅವರವರ ಪಾಲು ಅವರವರು ಬಾಚಬೇಕು. ಆದರೆ ತನ್ನದು ಮುಗಿಸಿದವನು, ಒಮ್ಮೊಮ್ಮೆ ಮುಗಿಸದವನೂ, ಪಕ್ಕದ ಪಾಲು ನೆನೆಯುವುದು ಕಂಡರೆ ಅಲ್ಲಿಗೆ ಓಡುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ. ಆಮೇಲೆ ಅದರ ಮಾತೂ ಎತ್ತುತ್ತಿರಲಿಲ್ಲ. ನಿನ್ನ ಭತ್ತ ನಾನು ಬಾಚಿದೆ ಎಂದು ಹೇಳುವುದು ಆ ಆಳುಗಳ ನಡುವೆ ಮರ್ಯಾದೆಗೆಟ್ಟ ಮಾತು. ನಾನು ಇದನ್ನೆಲ್ಲ ಜಗಲಿಯಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದೆ. ನೋಡಿದ್ದೆ ಅಷ್ಟೇ.

ಒಂದು ಸಂಜೆ ಆಡಲು ಒಬ್ಬ ಕಡಿಮೆ ಬಿದ್ದಾಗ ಮಾಸ್ಟ್ರು ಧರ್ಣಪ್ಪನನ್ನು ಕರೆದರು. ಅವನು ಲುಂಗಿ ಎತ್ತಿ ಕಟ್ಟಿ ಇಳಿದ. ಚೆಂಡು ಎಸೆಯಲು ಅವನಿಗೆ ಕೊನೆಯವರೆಗೂ ಸರಿಯಾಗಿ ಬರಲಿಲ್ಲ. ಆದರೆ ಎದುರಿನವನು ಎಲ್ಲಿಗೆ ಬರುತ್ತಾನೆ ಎಂಬುದು ಅವನಿಗೆ ಮೊದಲೇ ತಿಳಿಯುತ್ತಿತ್ತು, ಅಲ್ಲಿ ಹೋಗಿ ನಿಂತಿರುತ್ತಿದ್ದ. "ಇವನನ್ನು ಬಿಡುವುದು ಬೇಡ ಅಜಿತ," ಎಂದರು ಮಾಸ್ಟ್ರು. ನನಗೆ ಆಗಲೇ ಸ್ವಲ್ಪ ಕಸಿವಿಸಿ ಆಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಯವರೆಗೆ ನಮ್ಮದು ಆಳಿಗೆ ಆಳು ಕಾಯುವ ಆಟ. ೧೯೬೦ರಲ್ಲಿ ಮಾಸ್ಟ್ರು ಮಂಗಳೂರಿನ ಯಾವುದೋ ಶಿಬಿರಕ್ಕೆ ಹೋಗಿ ಝೋನ್ ಎಂಬ ಹೊಸ ವಿದ್ಯೆ ಕಲಿತು ಬಂದರು. ಚೆನ್ನೆ ಆಡುವ ಮಣೆಯಿಂದ ಐದು ಕೆಂಪು ಮಂಜೊಟ್ಟಿ ಬೀಜ ತೆಗೆದು ಜಗಲಿಯ ನೆಲದ ಮೇಲೆ ಇಟ್ಟರು. ಎರಡು ಮುಂದೆ, ಒಂದು ನಡುವೆ, ಎರಡು ಹಿಂದೆ, ಬೋರ್ಡಿನ ಅಡಿಯ ಎರಡು ಬದಿಗೆ. "ಇನ್ನು ಮೇಲೆ ನೀವು ಮನುಷ್ಯನನ್ನು ಕಾಯುವುದಲ್ಲ, ಜಾಗವನ್ನು ಕಾಯುವುದು," ಎಂದರು. "ಚೆಂಡು ಎಡಕ್ಕೆ ಹೋದರೆ ಐದೂ ಮಂದಿ ಎರಡು ಹೆಜ್ಜೆ ಎಡಕ್ಕೆ ಸರಿಯಬೇಕು. ಬಲಕ್ಕೆ ಹೋದರೆ ಬಲಕ್ಕೆ. ಆದರೆ ಚೆಂಡಿನ ಹಿಂದೆ ಯಾರೂ ಓಡಬಾರದು. ಒಬ್ಬ ಓಡಿದರೆ ಅವನ ಜಾಗ ತೂತು." ಹಿಂದೆ ಎಡಕ್ಕೆ ನಾನು, ಹಿಂದೆ ಬಲಕ್ಕೆ ಧರ್ಣಪ್ಪ, ನಡುವೆ ಒಣಮೀನಿನ ವ್ಯಾಪಾರದ ಇದಿನಬ್ಬ. ಮುಂದಿನ ಇಬ್ಬರು ಶಾಲೆಯ ಹಳೇ ವಿದ್ಯಾರ್ಥಿಗಳು, ಅವರಿಗೆ ಈ ಕತೆಯಲ್ಲಿ ಕೆಲಸವಿಲ್ಲ.

ನನ್ನಂಥವನಿಗೆ ಈ ಝೋನ್ ಎಂಬುದು ಹೇಳಿ ಮಾಡಿಸಿದ ಹಿಂಸೆ. ಆಳಿಗೆ ಆಳು ಕಾಯುವಾಗ ಎದುರಿನವನು ಬುಟ್ಟಿಗೆ ಹಾಕಿದರೆ ಅವನನ್ನು ಕಾಯುತ್ತಿದ್ದವನೇ ತಪ್ಪಿತಸ್ಥ, ಮಾತು ಮುಗಿಯಿತು. ಝೋನಿನಲ್ಲಿ ಚೆಂಡು ಒಳಗೆ ಬಿದ್ದರೆ ಐದೂ ಜನ ಒಬ್ಬರ ಮುಖ ಒಬ್ಬರು ನೋಡಬೇಕು. ಯಾರು ಬಿಟ್ಟದ್ದು? ಯಾಕೆ ಬಿಟ್ಟದ್ದು? ನನಗೆ ರಾತ್ರಿ ಊಟ ಸೇರದ ಹಾಗಾಯಿತು ಎನ್ನುತ್ತಿದ್ದೆ, ಆದರೆ ನಮ್ಮದು ಜೈನರ ಮನೆ, ಊಟ ಸೂರ್ಯ ಮುಳುಗುವ ಮೊದಲೇ.

ಮರುವರ್ಷ ಫೆಬ್ರವರಿಯಲ್ಲಿ ಬಂಟ್ವಾಳದ ಒಂದು ಕ್ಲಬ್ಬಿನ ಮೇಲೆ ಅವರ ಊರಿನಲ್ಲೇ ಆಡಿದೆವು. ಅವರಲ್ಲಿ ಭೋಜ ಎಂಬವನೊಬ್ಬ ಇದ್ದ, ಪೊಳಲಿ ಕಡೆಯವನು. ಅವನು ನಮ್ಮ ಬಲಮೂಲೆಯಲ್ಲಿ ನಿಂತು ಒಂದರ ಮೇಲೊಂದು ಹಾಕಿದ. ಪ್ರತಿ ಸಲ ಅಲ್ಲಿ ಧರ್ಣಪ್ಪ ಇಲ್ಲ! ಮೂಲೆ ಖಾಲಿ, ಭೋಜ ಆರಾಮದಲ್ಲಿ ಉಸಿರು ಎಳೆದು, ಗುರಿ ನೋಡಿ ಎಸೆಯುತ್ತಿದ್ದ. ಸೋತೆವು. ಆಟ ಮುಗಿದ ಮೇಲೆ ನೋಡಿದರೆ ಹೋಟೆಲಿನ ಬೆಂಚಿನ ಮೇಲೆ ಭೋಜನೂ ಧರ್ಣಪ್ಪನೂ ಭುಜಕ್ಕೆ ಭುಜ ತಾಗಿಸಿ ಕೂತು ಗೋಳಿಬಜೆ ತಿನ್ನುತ್ತಿದ್ದಾರೆ. ಇದಿನಬ್ಬನನ್ನು ಕೇಳಿದೆ, ಏನಿದು ಎಂದು. "ನಿಮಗೆ ಗೊತ್ತಿಲ್ವಾ ಮಾರಾಯ್ರೇ? ಭೋಜ ಇವನ ಭಾವ ಅಲ್ವಾ. ಇವನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ," ಎಂದ.

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಭಾವನಿಗೆ ಮೂಲೆ ಬಿಟ್ಟುಕೊಟ್ಟಿದ್ದಾನೆ! ಬಸ್ಸಿನಲ್ಲಿ ಬರುವಾಗ ಧರ್ಣಪ್ಪನ ತೊಡೆಯ ಮೇಲೆ ಬಾಳೆಲೆಯ ಕಟ್ಟೊಂದು ಕಂಡಿತು.

"ಅದರಲ್ಲಿ ಏನುಂಟು?"

"ಬಾಳಕದ ಮೆಣಸು, ಧಣಿ. ಅಕ್ಕ ಕೊಟ್ಟದ್ದು. ಕಾಂತಿಗೆ ಇಷ್ಟ."

ಕಾಂತಿ ಅವನ ಹೆಂಡತಿ. ನಮ್ಮ ಮಿಲ್ಲಿನಲ್ಲೇ ಅಂಗಳ ಸಾರಿಸುವ, ಭತ್ತ ಕೇರುವ ಕೆಲಸ ಅವಳದ್ದು. ನಾನು ಆ ಕಟ್ಟನ್ನು ಮೂಡುಬಿದಿರೆಯವರೆಗೂ ಓರೆಗಣ್ಣಿನಿಂದ ನೋಡುತ್ತ ಬಂದೆ. ಇಳಿದ ಮೇಲೆ ಕೇಳಿಯೇಬಿಟ್ಟೆ.

"ಆಟದಲ್ಲಿ ನಿನ್ನ ಜಾಗ ಯಾವುದು ಧರ್ಣಪ್ಪ?"

"ಬಲದ ಹಿಂದೆ, ಧಣಿ."

"ಮತ್ತೆ ಅಲ್ಲಿ ಯಾಕೆ ಇರಲಿಲ್ಲ?"

ಅವನು ತಲೆ ಕೆರೆದುಕೊಂಡ. "ಆಚೆ ಬದಿ ಖಾಲಿ ಕಂಡಿತು, ಧಣಿ. ಹೋದೆ."

ಜಾರಿಕೊಳ್ಳುವ ಉತ್ತರ ಎಂದುಕೊಂಡೆ. ಯಾವ ಬದಿ, ಯಾರ ಬದಿ ಎಂದು ನಾನು ಕೇಳಲಿಲ್ಲ.

ಈ ನಡುವೆ ಬೆಳ್ತಂಗಡಿ ಕಡೆಯ ಒಂದು ಶಾಲೆಗೆ ಜನ ಬೇಕಾಗಿತ್ತು. ಆಟದ ಬಯಲು ನೋಡಿಕೊಳ್ಳಬೇಕು, ಮಕ್ಕಳ ಜೊತೆ ನಿಂತು ಆಡಿಸಬೇಕು. ತಿಂಗಳಿಗೆ ಸರಿಯಾದ ಸಂಬಳ, ಇರಲು ಎರಡು ಕೋಣೆಯ ಮನೆ. ಮಾಸ್ಟ್ರು ಧರ್ಣಪ್ಪನ ಹೆಸರು ಕೊಟ್ಟರು. ಧರ್ಣಪ್ಪನಿಗೆ ಆ ಕೆಲಸ ಯಾಕೆ ಬೇಕಾಗಿತ್ತೆಂದರೆ, ಕಾಂತಿಗೆ ಕೆಮ್ಮು. ಅವರಿದ್ದದ್ದು ಮಿಲ್ಲಿನ ಭತ್ತ ಬೇಯಿಸುವ ಒಲೆಗಳ ಹಿಂದಿನ ಕೊಟ್ಟಿಗೆಯಂಥ ಕೋಣೆಯಲ್ಲಿ. ಉಮಿಯ ಹೊಗೆ ಹಗಲೂ ಸಂಜೆಯೂ ಅದರೊಳಗೆ ತುಂಬಿರುತ್ತಿತ್ತು. ಈ ಹೊಗೆಯಿಂದ ಹೊರಗೆ ಹೋಗದಿದ್ದರೆ ಔಷಧಿಯಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

"ನೀನೊಂದು ಕಾಗದ ಬರೆದು ಕೊಡು ಅಜಿತ," ಎಂದರು ಮಾಸ್ಟ್ರು. "ಮಿಲ್ಲಿನವರು, ಅದರಲ್ಲೂ ಕ್ಯಾಪ್ಟನ್ ಬರೆದದ್ದು ಅಂದರೆ ಅವರು ಕಣ್ಣು ಮುಚ್ಚಿ ತೆಗೆದುಕೊಳ್ತಾರೆ."

"ಸ್ವಲ್ಪ ತಡೆಯಿರಿ ಮಾಸ್ಟ್ರೇ. ಅವನ ಮೇಲೆ ನನಗೊಂದು ಸಂಶಯ ಉಂಟು," ಎಂದು ಭಾವನ ವಿಷಯ ಹೇಳಿದೆ. ಮಾಸ್ಟ್ರು ನಕ್ಕರು. ನನಗೆ ಸಿಟ್ಟು ಬಂತು. "ನಗಬೇಡಿ. ಬರುವ ಆದಿತ್ಯವಾರ ಬಂಟ್ವಾಳದವರು ಇಲ್ಲಿಗೇ ಬರ್ತಾರಲ್ಲ, ಸಾಕ್ಷಿ ಸಮೇತ ತೋರಿಸ್ತೇನೆ."

ನನ್ನ ಉಪಾಯ ಇದು. ಆದಿತ್ಯವಾರ ಭತ್ತ ಹರವುವುದಿಲ್ಲ, ಮಧ್ಯಾಹ್ನ ಅಂಗಳಕ್ಕೆ ತೆಳ್ಳಗೆ ಸೆಗಣಿ ಸಾರಿಸುವುದು. ಆಟದ ಹೊತ್ತಿಗೆ ಅದು ಅರ್ಧ ಒಣಗಿರುತ್ತದೆ, ಕಾಲಿನ ಗುರುತು ಅಚ್ಚೊತ್ತಿದ ಹಾಗೆ ಉಳಿಯುತ್ತದೆ. ಧರ್ಣಪ್ಪನ ಹೊರಚಾಚಿದ ಹೆಬ್ಬೆರಳು ಸಾವಿರ ಗುರುತಿನಲ್ಲೂ ತಿಳಿಯುತ್ತದೆ. ಅವನು ಎಲ್ಲಿ ನಿಂತಿದ್ದ, ಎಲ್ಲಿ ನಿಲ್ಲಲಿಲ್ಲ, ಎಲ್ಲ ನೆಲವೇ ಹೇಳಲಿ. ಮರುದಿನ ಎಂಟು ಗಂಟೆಗೆ ಬಂದು ನೋಡಿ ಎಂದು ಮಾಸ್ಟ್ರಿಗೆ ಹೇಳಿದೆ. ಕಾಂತಿಗೆ ಮಾತ್ರ ಧೂಳು ಏಳಬಾರದೆಂದು ಸಾರಿಸುವುದು ಎಂದೆ. ಅವಳು ಕೆಮ್ಮುತ್ತ ಕೆಮ್ಮುತ್ತ ಇಡೀ ಅಂಗಳ ಸಾರಿಸಿದಳು.

ಅವತ್ತೂ ಹಾಗೆಯೇ ಆಯಿತು. ಭೋಜ ಮೂಲೆಯಲ್ಲಿ ನಿಂತು ಹಾಕಿದ, ಧರ್ಣಪ್ಪ ಅಲ್ಲಿರಲಿಲ್ಲ, ಸೋತೆವು. ನನಗೆ ಬೇಸರಕ್ಕಿಂತ ಹೆಚ್ಚಾಗಿ ಖುಷಿಯೇ ಆಗಿತ್ತು.

ಮಾರನೆಯ ದಿನ ಬೆಳಕು ಹರಿದ ಕೂಡಲೇ, ಮಾಸ್ಟ್ರು ಬರುವುದಕ್ಕೆ ಬಹಳ ಮೊದಲು, ನಾನು ಅಂಗಳಕ್ಕೆ ಇಳಿದೆ. ಬಲಮೂಲೆಯಿಂದ ಸುರು ಮಾಡಿದೆ. ಧರ್ಣಪ್ಪನ ಹೆಜ್ಜೆ ಅಲ್ಲಿಂದ ಹೊರಟಿತ್ತು. ಬೋರ್ಡಿನ ಅಡಿಯಿಂದ ಎಡಕ್ಕೆ, ಹೋಗಿ ಬಂದು, ಹೋಗಿ ಬಂದು, ದನ ನಡೆದ ದಾರಿಯ ಹಾಗೆ ಸವೆದಿತ್ತು. ಅದು ಹೋಗಿ ನಿಂತದ್ದು ಹಿಂದಿನ ಎಡಬದಿಯಲ್ಲಿ. ನನ್ನ ಜಾಗದಲ್ಲಿ. ಹಾಗಾದರೆ ನಾನೆಲ್ಲಿದ್ದೆ? ನನ್ನ ಶೂವಿನ ಗುರುತು ಹುಡುಕಿದೆ. ಎಡಬದಿಯಲ್ಲಿ ನಾಲ್ಕೈದು ಇದ್ದವು. ಉಳಿದದ್ದೆಲ್ಲ ಮುಂದೆ, ನಡುಗೆರೆಯ ಹತ್ತಿರ, ಅತ್ತ ಇತ್ತ, ಚೆಂಡು ಹೋದಲ್ಲೆಲ್ಲ ನಾನೂ ಹೋಗಿದ್ದೆ. ನಾನು ಬಿಟ್ಟ ಜಾಗಕ್ಕೆ ಎದುರಿನವರು ನುಗ್ಗುತ್ತಿದ್ದರು, ಅದನ್ನು ಮುಚ್ಚಲು ಧರ್ಣಪ್ಪ ಓಡುತ್ತಿದ್ದ, ಆಗ ಅವನ ಮೂಲೆ ಭೋಜನಿಗೆ ಸಿಗುತ್ತಿತ್ತು. ಪಕ್ಕದ ಪಾಲಿನ ಭತ್ತ ನೆನೆಯುವುದು ಕಂಡವನ ಹಾಗೆ ಅವನು ಓಡಿದ್ದ, ಆಮೇಲೆ ಆ ಮಾತು ಎತ್ತಿರಲಿಲ್ಲ.

ಬಕೆಟಿನ ಸದ್ದು ಕೇಳಿ ತಿರುಗಿದೆ. ಕಾಂತಿ ನಿಂತಿದ್ದಳು, ಭತ್ತ ಹರವುವ ಮೊದಲು ಮತ್ತೆ ಸಾರಿಸಲು ಬಂದವಳು. ಅವಳೂ ನೆಲವನ್ನೇ ನೋಡುತ್ತಿದ್ದಳು. ಗಂಡನ ಹೆಜ್ಜೆ ಅವಳಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ನನ್ನ ಶೂ ತೊಳೆಯುವವಳೂ ಅವಳೇ. ಬೆಳ್ತಂಗಡಿಯ ಕಾಗದಕ್ಕಾಗಿ ಇದೆಲ್ಲ ನಡೆಯುತ್ತಿದೆ ಎಂಬುದನ್ನು ಮಾಸ್ಟ್ರ ಬಾಯಿಂದ ಅವಳು ಕೇಳಿದ್ದಳೆಂದು ಕಾಣುತ್ತದೆ.

"ಧಣಿಗಳೇ," ಎಂದಳು ಮೆಲ್ಲಗೆ, "ಮಾಸ್ಟ್ರು ಬಂದು ನೋಡುವವರೆಗೆ ಇದನ್ನು ಹೀಗೇ ಬಿಡುವುದಾ?"

ನನಗೆ ಇಪ್ಪತ್ತನಾಲ್ಕು ವರ್ಷ. ಮಾಸ್ಟ್ರು ನಗುವುದು ಕಣ್ಣಿಗೆ ಕಟ್ಟಿತು, ಮಾವನ ಕಿವಿಗೆ ಬೀಳುವುದು, ಇದಿನಬ್ಬ ಪೇಟೆಯಿಡೀ ಹೇಳಿಕೊಂಡು ತಿರುಗುವುದು.

"ಸಾರಿಸು," ಎಂದೆ.

ಅವಳು ಕೂತು, ಗಂಡನ ಹೆಜ್ಜೆಗಳ ಮೇಲೆ ಸೆಗಣಿ ನೀರು ಚೆಲ್ಲಿ ಕೈಯಾಡಿಸಿದಳು. ನಾನು ಕೊನೆಯವರೆಗೂ ಅಲ್ಲೇ ನಿಂತು ನೋಡಿದೆ, ಎಲ್ಲಾದರೂ ಒಂದು ಉಳಿಸಿಯಾಳೋ ಎಂಬ ಸಂಶಯದಿಂದ.

ಮಾಸ್ಟ್ರು ಬಂದಾಗ ಅಂಗಳ ಒದ್ದೆಯಾಗಿತ್ತು. ಎಲ್ಲ ಗುರುತು ಒಂದರ ಮೇಲೊಂದು ಬಿದ್ದು ಏನೂ ತಿಳಿಯಲಿಲ್ಲ ಎಂದೆ. ಹಾಗಾದರೆ ಸಂಶಯದ ಲಾಭ ಅವನಿಗೆ ಕೊಡು, ಕಾಗದ ಬರೆ ಎಂದರು. ಬರೆದೆ. "ಕೆಲಸದಲ್ಲಿ ಚುರುಕು. ಆದರೆ ನಿಲ್ಲಿಸಿದ ಜಾಗದಲ್ಲಿ ನಿಲ್ಲುವವನಲ್ಲ. ಮಕ್ಕಳನ್ನು ಒಪ್ಪಿಸುವ ಮೊದಲು ಯೋಚಿಸಬೇಕು." ಲಕೋಟೆ ಅಂಟಿಸಿ ಅಂಚೆಗೆ ನಾನೇ ಹಾಕಿದೆ. ಅವನು ಒಳ್ಳೆಯವನಾದರೆ ನಾನು ಏನಾಗುತ್ತೇನೆ ಎಂಬ ಹೆದರಿಕೆ ಇದ್ದಿರಬೇಕು.

ಅದೇ ತಿಂಗಳ ಕೊನೆಗೆ ಇನ್ನೊಂದು ಆಟ ಇತ್ತು. ತಪ್ಪು ಮಾಡಿದವನ ಬಾಯಿ ದೊಡ್ಡದಾಗುತ್ತದೆ ನೋಡಿ, ಎಲ್ಲರೂ ಕೇಳುವ ಹಾಗೆ ನಾನು ಧರ್ಣಪ್ಪನಿಗೆ ಹೇಳಿದೆ, "ಈ ಸಲ ನಿನ್ನ ಮೂಲೆ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ಮತ್ತೆ ಈ ಕೋರ್ಟಿಗೆ ಇಳಿಯಬೇಡ." ಅವನು ತಲೆಯಾಡಿಸಿದ. ಮತ್ತೆ ಆಟ ಮುಗಿಯುವವರೆಗೂ ಅವನು ಬಲಮೂಲೆ ಬಿಡಲಿಲ್ಲ. ನನಗೆ ನನ್ನ ಜಾಗದಲ್ಲಿ ನಿಲ್ಲಬೇಕೆಂದು ಗೊತ್ತಿತ್ತು, ಆದರೆ ಚೆಂಡು ಕಂಡರೆ ಕಾಲು ಕೇಳುವುದಿಲ್ಲ. ಎಡಬದಿಯಿಂದ ಅವರು ಸಲೀಸಾಗಿ ಒಳಗೆ ಬಂದು ಹಾಕಿದರು, ಹನ್ನೊಂದು ಸಲ. ನೋಡಲು ಬಂದವರು ನಗತೊಡಗಿದರು. "ಅಜಿತಣ್ಣ, ನಿಮ್ಮ ಬದಿಗೆ ಬಾಗಿಲೇ ಇಲ್ಲವಲ್ಲ ಮಾರಾಯ್ರೇ!" ಎಂದು ಇದಿನಬ್ಬ ಕೂಗಿದ. ಮಾಸ್ಟ್ರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮನೆಗೆ ಹೋದರು.

ಮೊಣಕಾಲು ನೋವು ಎಂದು ಹೇಳಿ ನಾನು ಆಡುವುದನ್ನೇ ಬಿಟ್ಟೆ. ಜೂನಿನಲ್ಲಿ ಬೆಳ್ತಂಗಡಿಯ ಕೆಲಸಕ್ಕೆ ಬೇರೆ ಯಾರೋ ಸೇರಿದ ಸುದ್ದಿ ಬಂತು. ಧರ್ಣಪ್ಪ ಮಿಲ್ಲಿನಲ್ಲೇ ಉಳಿದ, ಕಾಂತಿ ಹೊಗೆಯಲ್ಲೇ ಉಳಿದಳು. ನನಗೆ ಮಾತ್ರ ಒಂದು ವಿಷಯ ಖಂಡಿತವಾಗಿತ್ತು. ಕಾಂತಿ ಗಂಡನಿಗೆ ಎಲ್ಲ ಹೇಳಿದ್ದಾಳೆ. ಮೂಲೆ ಬಿಡದೆ ನಿಂತು ಅವನು ಊರೆದುರು ಸೇಡು ತೀರಿಸಿಕೊಂಡಿದ್ದಾನೆ. ಆಮೇಲಿನ ನಾಲ್ಕು ವರ್ಷ ಅವನು "ಧಣಿ" ಎಂದಾಗಲೆಲ್ಲ ಅದರಲ್ಲಿ ಕುಹಕ ಹುಡುಕಿದೆ. ಬೆಳಿಗ್ಗೆ ನಮಸ್ಕಾರ ಮಾಡಿದರೆ ಯಾಕೆ ಮಾಡಿದ, ಒಂದು ದಿನ ಮಾಡದಿದ್ದರೆ ಯಾಕೆ ಮಾಡಲಿಲ್ಲ. ೧೯೬೫ರಲ್ಲಿ ಕೆಮ್ಮು ಜಾಸ್ತಿಯಾಗಿ ಕಾಂತಿ ಏಳಲಾರದ ಹಾಗೆ ಆದಾಗ ಅವರು ಮಿಲ್ಲು ಬಿಟ್ಟು ಶಿರ್ತಾಡಿಗೆ ಹೋದರು. ಅಲ್ಲಿ ಒಬ್ಬರ ತೋಟ ಕಾಯುವ ಕೆಲಸವಂತೆ. ನನಗೆ ನಿರಾಳವಾಯಿತು.

ಮೂರು ವರ್ಷದ ನಂತರ ಭತ್ತ ನೋಡಲೆಂದು ಶಿರ್ತಾಡಿಗೆ ಹೋದವನಿಗೆ ಬಸ್ಸಿಳಿದ ಕೂಡಲೇ ಧರ್ಣಪ್ಪನೇ ಎದುರಾದ. ಬೇಡವೆಂದರೂ ಬಿಡದೆ ಮನೆಗೆ ಕರೆದುಕೊಂಡು ಹೋದ. ಕಾಂತಿ ನೀರು, ಬೆಲ್ಲ ತಂದಿಟ್ಟಳು. ಕೈ ಕಡ್ಡಿಯ ಹಾಗಾಗಿತ್ತು. ಒಳಗೆ ಹೋಗಿ ಕೆಮ್ಮಿದಳು, ಬಹಳ ಹೊತ್ತು.

"ಹೊಗೆಯಲ್ಲಿ ಇದ್ದದ್ದು ಹೆಚ್ಚಾಯಿತು ಇವಳಿಗೆ," ಎಂದ ಧರ್ಣಪ್ಪ. "ಆ ಬೆಳ್ತಂಗಡಿ ಕೆಲಸ ಸಿಕ್ಕಿದ್ದರೆ ಇಷ್ಟು ಆಗ್ತಿರಲಿಲ್ಲ. ಏನು ಮಾಡುವುದು ಧಣಿ, ನೀವು ಒಳ್ಳೆ ಕಾಗದ ಕೊಟ್ಟಿರಿ. ನಮಗೇ ಯೋಗ ಇರಲಿಲ್ಲ."

ಚುಚ್ಚುತ್ತಿದ್ದಾನೆ! ಮನೆಗೆ ಕರೆದು, ಬೆಲ್ಲ ಕೊಟ್ಟು, ಚುಚ್ಚುತ್ತಿದ್ದಾನೆ ಎಂದುಕೊಂಡೆ. ಏಳು ವರ್ಷ ಒಳಗೆ ಕುದಿದದ್ದು ಉಕ್ಕಿತು.

"ಸಾಕು ಧರ್ಣಪ್ಪ. ನಾಟಕ ಬೇಡ. ಕಾಂತಿ ನಿನಗೆ ಅವತ್ತೇ ಎಲ್ಲ ಹೇಳಿದ್ದಾಳೆ, ನನಗೆ ಗೊತ್ತುಂಟು. ಅದಕ್ಕೇ ಅಲ್ವಾ ಆಮೇಲಿನ ಆಟದಲ್ಲಿ ಮೂಲೆ ಬಿಡದೆ ನಿಂತು ನನ್ನ ಮಾನ ತೆಗೆದದ್ದು?"

"ನೀವು ಬಿಡಬೇಡ ಅಂದಿರಿ, ಧಣಿ. ಬಿಡಲಿಲ್ಲ." ಅವನ ಮುಖದಲ್ಲಿ ಗಾಬರಿ ಇತ್ತು. "ಕಾಂತಿ ಏನು ಹೇಳಬೇಕಿತ್ತು?"

"ನಿನ್ನ ಹೆಜ್ಜೆ ಗುರುತು ಸಾರಿಸಿದ್ದು. ನನ್ನ ಜಾಗಕ್ಕೆ ನೀನು ಓಡಿ ಬಂದದ್ದು ಅದರಲ್ಲಿ ಕಾಣ್ತಿತ್ತಲ್ಲ. ಗೊತ್ತಿದ್ದೂ ಕಾಗದದಲ್ಲಿ ನಾನು ನಿನ್ನನ್ನು ನಂಬಬೇಡಿ ಅಂತ..."

ಅಷ್ಟು ಹೇಳುವಾಗ ಅವನ ಕಣ್ಣು ನೋಡಿದೆ. ಅವನಿಗೆ ಏನೂ ಗೊತ್ತಿರಲಿಲ್ಲ. ನನ್ನ ಮಾತು ಅಲ್ಲಿಗೇ ನಿಂತಿತು, ಆದರೆ ಹೇಳಬೇಕಾದ್ದೆಲ್ಲ ಹೊರಗೆ ಬಿದ್ದಾಗಿತ್ತು.

ಅವನು ಒಳಬಾಗಿಲ ಕಡೆ ತಿರುಗಿದ. ಕಾಂತಿ ಬಾಗಿಲ ದಾರಂದ ಹಿಡಿದು ನಿಂತಿದ್ದಳು.

"ಯಾವ ಗುರುತು?" ಎಂದು ಅವಳನ್ನು ಕೇಳಿದ.

"ನಿಮ್ಮ ಕಾಲಿನದ್ದು. ಅಂಗಳದಲ್ಲಿ ಇತ್ತು. ಧಣಿಗಳು ಹೇಳಿದರು, ನಾನೇ ಸಾರಿಸಿದೆ," ಎಂದಳು. ಮತ್ತೆ, "ನಿಮಗೆ ಹೇಳಿದ್ದರೆ ನೀವು ಆ ಅಂಗಳಕ್ಕೆ ಇನ್ನು ಇಳಿಯುತ್ತಿರಲಿಲ್ಲ. ಊಟಕ್ಕೆ ಎಲ್ಲಿಗೆ ಹೋಗುವುದಿತ್ತು? ಕಾಗದದಲ್ಲಿ ಏನಿತ್ತೆಂದು ನನಗೂ ಗೊತ್ತಿಲ್ಲ," ಎಂದಳು. ಅಷ್ಟರಲ್ಲಿ ಕೆಮ್ಮು ಬಂತು.

ಧರ್ಣಪ್ಪ ಎದ್ದು ಹೋಗಿ ಅವಳನ್ನು ಹೊಸ್ತಿಲಲ್ಲಿ ಕೂರಿಸಿ, ಪಕ್ಕದಲ್ಲಿ ಕೂತು ಬೆನ್ನು ನೀವತೊಡಗಿದ. ನನ್ನ ಕಡೆ ಅವನು ಬೆನ್ನು ಹಾಕಿ ಕೂತದ್ದು ಅದೇ ಮೊದಲು. ನಾನು ಕ್ಷಮಿಸು ಎಂದೆನೋ, ಎನ್ನಬೇಕೆಂದುಕೊಂಡೆನೋ, ಸರಿಯಾಗಿ ನೆನಪಿಲ್ಲ.

"ಮೂಡುಬಿದಿರೆಗೆ ಬಸ್ಸು ಐದಕ್ಕೆ ಉಂಟು," ಎಂದ ಅವನು, ತಿರುಗದೆ. "ನೀವು ಹೊರಡಿ."

ಧಣಿ ಎನ್ನಲಿಲ್ಲ. ಏಳು ವರ್ಷ ಆ ಮನುಷ್ಯ ನನ್ನನ್ನು ನಂಬಿಕೊಂಡು ಬದುಕಿದ್ದ, ನಾನು ಅದನ್ನು ಕುಹಕ ಎಂದು ತಿಳಿದಿದ್ದೆ. ಬಸ್ಸಿನವರೆಗಿನ ಅರ್ಧ ಮೈಲಿ ನಾನೊಬ್ಬನೇ ನಡೆದೆ. ಅವಳ ಕೆಮ್ಮು ತಿರುವಿನವರೆಗೂ ಕೇಳಿಸುತ್ತಿತ್ತು.